ಶನಿವಾರದ ಬೆವರು ಯಾರ ಲೆಕ್ಕಕ್ಕೆ?

(ಸಹಾಯಾರ್ಥ ಕ್ರೀಡಾಕೂಟಕ್ಕೆ ಮುನ್ನ ಉದ್ಯೋಗಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾರ್ಖಾನೆಯ ಕ್ಯಾಂಟೀನಿನ ಬಾಗಿಲ ಪಕ್ಕದಲ್ಲಿರುವ ಸೂಚನಾ ಫಲಕಕ್ಕೆ ಒಂದು ಕಾಗದ ಅಂಟಿಸಲಾಗಿದೆ ಎಂದಿಟ್ಟುಕೊಳ್ಳಿ. ಬರುವ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕ್ರೀಡಾಕೂಟ. ಐದು ಕಿಲೋಮೀಟರ್ ಓಟ, ಹಗ್ಗಜಗ್ಗಾಟ, ಮಹಿಳೆಯರಿಗೆ ಸಂಗೀತ ಕುರ್ಚಿ, ಮಕ್ಕಳಿಗೆ ಗೋಣಿಚೀಲದ ಓಟ. ಸಂಗ್ರಹವಾದ ಹಣವೆಲ್ಲ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಗೆ. ಮಧ್ಯಾಹ್ನ ಅದೇ ಶಾಲೆಯ ಗೋಡೆಗಳಿಗೆ ಬಣ್ಣ ಬಳಿಯುವ ಶ್ರಮದಾನ. ಕೆಳಗೆ ಹೆಸರು ಬರೆಯಲು ಗೆರೆ ಎಳೆದ ಜಾಗ. ಊಟದ ಬಿಡುವಿನಲ್ಲಿ ಆ ಕಾಗದದ ಮುಂದೆ ನಿಂತವರ ಮನಸ್ಸಿನಲ್ಲಿ ಎರಡು ಮಾತುಗಳು ಒಟ್ಟಿಗೆ ಹಾದುಹೋಗುತ್ತವೆ. ಒಂದು, ಒಳ್ಳೆಯ ಕೆಲಸ, ಹೋಗಬೇಕು. ಇನ್ನೊಂದು, ಹೋಗದಿದ್ದರೆ ಮೇಲಿನವರು ಏನೆಂದುಕೊಳ್ಳುತ್ತಾರೋ!

ಎರಡನೆಯ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಆದರೆ ಕಂಪೆನಿಗಳು ನಡೆಸುವ ಸಹಾಯಾರ್ಥ ಕ್ರೀಡಾಕೂಟ ಮತ್ತು ಉದ್ಯೋಗಿಗಳ ಸೇವಾಕಾರ್ಯದ ಮುಖ್ಯ ಪ್ರಶ್ನೆ ಇರುವುದು ಅದರಲ್ಲೇ. ಶನಿವಾರದ ಆ ಬೆವರು ಉದ್ಯೋಗಿ ಕೊಟ್ಟ ದಾನವೇ, ಅಥವಾ ಕಂಪೆನಿ ಪಡೆದ ಇನ್ನೊಂದು ದಿನದ ದುಡಿಮೆಯೇ?

ಮೂರು ಹಳೆಯ ಪದಗಳು

ಸಂಬಳವಿಲ್ಲದ ದುಡಿಮೆಗೆ ಕನ್ನಡದಲ್ಲಿ ಕನಿಷ್ಠ ಮೂರು ಹೆಸರುಗಳಿವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಮುಯ್ಯಿ. ನಾಟಿ, ಕಳೆ, ಕುಯಿಲಿನ ಸಮಯದಲ್ಲಿ ಒಬ್ಬರ ಹೊಲಕ್ಕೆ ನೆರೆಯವರು ಬಂದು ದುಡಿಯುತ್ತಾರೆ. ಮುಂದಿನ ವಾರ ಇವರು ಅವರ ಹೊಲಕ್ಕೆ ಹೋಗಿ ಋಣ ತೀರಿಸುತ್ತಾರೆ. ಹೀಗೆ ಬಂದವರೇ ಮುಯ್ಯಾಳುಗಳು. ಇಲ್ಲಿ ಹಣದ ಮಾತಿಲ್ಲ. ಆದರೆ ಲೆಕ್ಕ ಇದೆ, ಅದನ್ನು ಇಡುವವರು ಇಬ್ಬರೂ ಸಮಾನರು.

ಎರಡನೆಯದು ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದ ಹಳೆಯ ಶಾಸನಗಳಲ್ಲೇ ಕಾಣಸಿಗುತ್ತದೆ. ಅರಸನಿಗೋ ಊರೊಡೆಯನಿಗೋ ಕೂಲಿಯಿಲ್ಲದೆ, ಇಲ್ಲವೆನ್ನಲಾಗದೆ ಮಾಡಿಕೊಡಬೇಕಾದ ಕೆಲಸ ಅದು. ಇಂದು ‘ಬಿಟ್ಟಿ ಊಟ’, ‘ಬಿಟ್ಟಿ ಸಲಹೆ’ ಎನ್ನುವಾಗ ಪುಕ್ಕಟೆ ಎಂಬ ಅರ್ಥ ಮಾತ್ರ ಉಳಿದಿದೆ. ಕೆಲಸ ಮಾಡಿಸಿಕೊಂಡವನಿಗೆ ಅದು ಪುಕ್ಕಟೆ. ಮಾಡಿದವನಿಗೆ ಅದು ಬಲವಂತವಾಗಿತ್ತು. ಸಂವಿಧಾನದ 23ನೇ ವಿಧಿ ‘ಬೇಗಾರ್’ ಎಂದು ಹೆಸರಿಸಿಯೇ ನಿಷೇಧಿಸಿದ್ದು ಈ ಬಗೆಯ ದುಡಿಮೆಯನ್ನು.

ಮೂರನೆಯದು ಶ್ರಮದಾನ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೋಡಿಯಾಗಿ ಕಂಡರು. ದುಡಿದು ಗಳಿಸುವುದು ಒಂದು, ಗಳಿಸಿದ್ದನ್ನು ಹಂಚುವುದು ಇನ್ನೊಂದು. ಸ್ವಾತಂತ್ರ್ಯಾನಂತರ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಯ ರಸ್ತೆ, ಬಾವಿ, ಶಾಲೆಗಳ ಕೆಲಸದಲ್ಲಿ ಶ್ರಮದಾನ ಎಂಬ ಪದ ಮನೆಮಾತಾಯಿತು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಅದನ್ನು ಕಾಲೇಜುಗಳಿಗೆ ತಂದಿತು. ಎನ್ನೆಸ್ಸೆಸ್ ಶಿಬಿರದಲ್ಲಿ ಚರಂಡಿ ತೋಡಿದ ನೆನಪು ಈ ಸಭೆಯಲ್ಲೂ ಕೆಲವರಿಗಾದರೂ ಇರಬಹುದು.

ಮೂರರಲ್ಲೂ ಕೈಗೆ ಕೂಲಿ ಬರುವುದಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ: ‘ಇಲ್ಲ, ಬರಲಾಗುವುದಿಲ್ಲ’ ಎಂದು ಹೇಳುವ ಅವಕಾಶ ಇದೆಯೇ, ಹೇಳಿದರೆ ಏನಾಗುತ್ತದೆ ಎಂಬಲ್ಲಿ. ಒಂದು ಕ್ರೀಡಾಕೂಟದ ವಿಷಯದಲ್ಲಿ ಬಿಟ್ಟಿಯ ಹೆಸರೆತ್ತುವುದು ಅತಿಯಾಯಿತು ಎನ್ನಬಹುದು. ಕಾನೂನಿನ ದೃಷ್ಟಿಯಿಂದ ಅದು ನಿಜವೂ ಹೌದು. ಆದರೂ ಕೆಲಸ ಕೊಡುವವರು ಕರೆದಾಗ ‘ಒಲ್ಲೆ’ ಎನ್ನುವುದು ನೆರೆಯವರಿಗೆ ಹೇಳಿದಷ್ಟು ಸುಲಭವಲ್ಲ ಎಂಬುದು ದುಡಿಯುವ ಎಲ್ಲರಿಗೂ ಗೊತ್ತು.

ಮೈದಾನ ಬಂದ ಬಗೆ

ಕಂಪೆನಿಗೂ ಕ್ರೀಡೆಗೂ ನಂಟು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಕ್ಯಾಡ್‌ಬರಿ ಸೋದರರು 1879ರಲ್ಲಿ ತಮ್ಮ ಚಾಕೊಲೇಟ್ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಂ ನಗರದ ಇಕ್ಕಟ್ಟಿನಿಂದ ಹೊರಗೆ ಬೋರ್ನ್‌ವಿಲ್‌ಗೆ ಒಯ್ದರು. ಕಾಲಕ್ರಮದಲ್ಲಿ ಅಲ್ಲಿ ಗಂಡಸರಿಗೂ ಹೆಂಗಸರಿಗೂ ಆಟದ ಮೈದಾನಗಳಾದವು. ಗಾಳಿ ಬೆಳಕಿನಲ್ಲಿ ಆಡಿದ ಕಾರ್ಮಿಕ ಆರೋಗ್ಯವಾಗಿರುತ್ತಾನೆ, ಚೆನ್ನಾಗಿ ದುಡಿಯುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು. ಅದರಲ್ಲಿ ಕರುಣೆಯೂ ಇತ್ತು, ವ್ಯವಹಾರವೂ ಇತ್ತು.

ಭಾರತದಲ್ಲಿ ಇದೇ ಆಲೋಚನೆ ಜಮ್‌ಷೆಟ್‌ಜಿ ಟಾಟಾ ಅವರಲ್ಲಿ ಕಾಣಿಸುತ್ತದೆ. ಉಕ್ಕಿನ ಕಂಪೆನಿ ಹುಟ್ಟುವ ಐದು ವರ್ಷ ಮೊದಲೇ, 1902ರಲ್ಲಿ, ಅವರು ಮಗ ದೊರಾಬ್‌ಜಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಕಾರ್ಮಿಕರ ಊರಿನಲ್ಲಿ ನೆರಳು ಕೊಡುವ ಮರಗಳುಳ್ಳ ಅಗಲವಾದ ಬೀದಿಗಳಿರಲಿ, ಫುಟ್‌ಬಾಲ್, ಹಾಕಿ ಆಡಲು ಸಾಕಷ್ಟು ಜಾಗ ಇರಲಿ, ದೇವಸ್ಥಾನ, ಮಸೀದಿ, ಚರ್ಚುಗಳಿಗೆ ಸ್ಥಳ ಮೀಸಲಿರಲಿ ಎಂಬುದು ಅದರ ತಾತ್ಪರ್ಯ. 1904ರಲ್ಲಿ ತೀರಿಕೊಂಡ ಅವರು ಆ ಊರನ್ನು ನೋಡಲಿಲ್ಲ. 1912ರಲ್ಲಿ ಅಲ್ಲಿ ಉಕ್ಕು ತಯಾರಾಯಿತು; 1919ರಲ್ಲಿ ಊರಿಗೆ ಜಮ್‌ಷೆಡ್‌ಪುರ ಎಂದು ಹೆಸರಾಯಿತು.

ಮಗ ದೊರಾಬ್‌ಜಿಯವರ ಕ್ರೀಡಾಪ್ರೇಮ ಊರಿನ ಮೈದಾನವನ್ನು ದಾಟಿಹೋಯಿತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ಯುವಕರನ್ನು ಕಂಡು, ಇವರನ್ನು ಒಲಿಂಪಿಕ್ಸ್‌ಗೆ ಕಳುಹಿಸಬೇಕೆಂದು ಅವರು ಹೊರಟರು. ಖರ್ಚಿನ ಒಂದು ಭಾಗವನ್ನು ಕೈಯಿಂದಲೇ ಭರಿಸಿದರು. 1920ರ ಆಂಟ್ವೆರ್ಪ್ ಒಲಿಂಪಿಕ್ಸ್‌ಗೆ ಹೀಗೆ ಹೋದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟದಲ್ಲಿ ಅವರಿಗೆ 19ನೇ ಸ್ಥಾನ ಸಿಕ್ಕಿತು. ಒಬ್ಬ ಉದ್ಯಮಿಯ ದಾನದಿಂದ ಓಟಗಾರ ಮುಂದೆ ಬಂದ ಕಥೆ ಇದು. ಇಂದಿನ ಸಹಾಯಾರ್ಥ ಓಟದಲ್ಲಿ ಇದು ತಿರುಗಿದೆ: ದಾನ ಮುಂದೆ ಸಾಗಲೆಂದು ಓಟಗಾರ ಓಡುತ್ತಾನೆ.

ಕರ್ನಾಟಕದಲ್ಲಿ ಕಾರ್ಖಾನೆಯ ಸುತ್ತ ಊರು ಬೆಳೆದ ಉದಾಹರಣೆಯಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದೆ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಕಾಲೊನಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಇವುಗಳ ಜೊತೆಗೇ ಬಂದವು. ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳಿಗೆ ನಗರದಲ್ಲಿ ಅಭಿಮಾನಿಗಳಿದ್ದರು. ವಾರ್ಷಿಕ ಕ್ರೀಡಾದಿನವೆಂದರೆ ಕಾಲೊನಿಗೆ ಹಬ್ಬ. ಲೇತ್ ನಡೆಸುವವರೂ ವಿಭಾಗದ ಮುಖ್ಯಸ್ಥರೂ ಒಂದೇ ಹಗ್ಗ ಹಿಡಿಯುವ ದಿನ ಅದು. ಸ್ಟೀಲಿನ ಡಬ್ಬಿಯೋ ಊಟದ ಕ್ಯಾರಿಯರೋ ಬಹುಮಾನವಾಗಿ ಮನೆಗೆ ಬರುತ್ತಿತ್ತು.

ಇಲ್ಲಿ ಒಂದು ಅಂಶವನ್ನು ಗುರುತಿಸಬೇಕು. ಈ ಹಳೆಯ ಕ್ರೀಡಾದಿನ ನಡೆಯುತ್ತಿದ್ದುದು ಕಾರ್ಮಿಕನಿಗಾಗಿ, ಅವನ ಮನೆಯವರಿಗಾಗಿ. ಹೊರಗಿನವರಿಗೆ ನೆರವು ಕೊಡುವ ಮಾತು ಬಂದಾಗ, ನೆರೆಯೋ ಬರವೋ ಆದಾಗ, ಒಂದು ದಿನದ ಸಂಬಳ ಕೊಡುವ ಪದ್ಧತಿ ಬೇರೆಯೇ ಇತ್ತು. ಆಟ ಒಂದು ಕಡೆ, ದಾನ ಒಂದು ಕಡೆ.

ಓಟಕ್ಕೆ ಜೋಳಿಗೆ

ಆಟ ಮತ್ತು ದಾನ ಒಂದಾದದ್ದು ಹೇಗೆ? ಕನ್ನಡಿಗರಿಗೆ ‘ಸಹಾಯಾರ್ಥ’ ಎಂಬ ಪದ ಹೊಸದಲ್ಲ. ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ನಾಟಕ ಕಂಪೆನಿಗಳು ಒಂದು ರಾತ್ರಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟುಕೊಡುತ್ತಿದ್ದವು. ಜನ ಟಿಕೆಟ್ ಕೊಂಡು ನಾಟಕ ನೋಡುತ್ತಿದ್ದರು. ಹಣ ಶಾಲೆಗೆ ಹೋಗುತ್ತಿತ್ತು. ಅಲ್ಲಿ ಪ್ರೇಕ್ಷಕನಿಗೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ನಾಟಕ ಸಿಗುತ್ತಿತ್ತು.

ಓಟದಲ್ಲಿ ಹಾಗಲ್ಲ. ದಾರಿಯ ಬದಿಯಲ್ಲಿ ನಿಂತು ನೋಡಲು ಟಿಕೆಟ್ ಇಲ್ಲ. ಓಡುವವನು ತನ್ನ ಬಂಧುಮಿತ್ರರನ್ನು ಕೇಳುತ್ತಾನೆ: ‘ನಾನು ಇಷ್ಟು ದೂರ ಓಡುತ್ತೇನೆ, ಇಂಥ ಕೆಲಸಕ್ಕೆ ನೀವು ಇಷ್ಟು ಕೊಡುತ್ತೀರಾ?’ ಓಟದ ಕಷ್ಟವೇ ಕೇಳುವುದಕ್ಕೆ ಕಾರಣವಾಗುತ್ತದೆ.

ಈ ಬಗೆಯ ಓಟಕ್ಕೆ ಜಗತ್ತಿನಾದ್ಯಂತ ಹೆಸರು ತಂದವನು ಕೆನಡಾದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಈ ಯುವಕ 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ತೀರದಿಂದ ಓಟ ಆರಂಭಿಸಿದ. ಕ್ಯಾನ್ಸರ್ ಸಂಶೋಧನೆಗೆ ಪ್ರತಿಯೊಬ್ಬ ಕೆನಡಿಗನಿಂದ ಒಂದು ಡಾಲರ್ ಬೇಕೆಂಬುದು ಅವನ ಬೇಡಿಕೆ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. 1981ರ ಜೂನ್ 28ರಂದು ತೀರಿಕೊಂಡಾಗ ಅವನಿಗೆ 22 ವರ್ಷ. ಅಷ್ಟರಲ್ಲಿ ಸಂಗ್ರಹ 2 ಕೋಟಿ 40 ಲಕ್ಷ ಡಾಲರ್ ದಾಟಿತ್ತು. ಅಂದರೆ ಆಗಿನ ಜನಸಂಖ್ಯೆಗೆ ತಲೆಗೊಂದು ಡಾಲರ್. ತನ್ನ ಓಟವನ್ನು ಯಾವ ಕಂಪೆನಿಯೂ ಜಾಹೀರಾತಿಗೆ ಬಳಸಬಾರದೆಂದು ಅವನು ಪಟ್ಟು ಹಿಡಿದಿದ್ದ ಎಂಬುದು ಇಂದಿನ ವಿಷಯಕ್ಕೆ ಮುಖ್ಯ.

ಅದೇ 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭವಾಯಿತು. ಭಾರತದಲ್ಲಿ ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ ಬಂದವು. ಕಂಪೆನಿಯ ಹೆಸರಿರುವ ಅಂಗಿ ತೊಟ್ಟು ಉದ್ಯೋಗಿಗಳು ಗುಂಪಾಗಿ ಓಡುವುದು, ಸೇವಾಸಂಸ್ಥೆಗಳಿಗೆ ನಿಧಿ ಕೂಡಿಸುವುದು ನಗರದ ನೋಟವಾಯಿತು. ಕಂಪೆನಿಯೊಳಗಿನ ಕ್ರೀಡಾದಿನವೂ ಇದನ್ನು ನೋಡಿ ‘ಸಹಾಯಾರ್ಥ’ವಾಯಿತು.

ಕಾನೂನು ಎಣಿಸಿದ್ದು, ಎಣಿಸದ್ದು

ಇದರ ನಡುವೆ ಕಾನೂನು ಬಂತು. 2013ರ ಕಂಪೆನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಾಯಿತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕೆಂದು ಅದು ವಿಧಿಸಿತು.

ಹೀಗಿರುವಾಗ ಕ್ರೀಡಾಕೂಟದ ಖರ್ಚನ್ನೂ ಈ ಲೆಕ್ಕಕ್ಕೇ ಬರೆಯಬಹುದಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ. ಕಂಪೆನಿ ವ್ಯವಹಾರಗಳ ಸಚಿವಾಲಯ ಆ ದಾರಿಯನ್ನು ಬೇಗನೆ ಮುಚ್ಚಿತು. 2014ರ ಜೂನ್ 18ರ ಸುತ್ತೋಲೆಯ ಪ್ರಕಾರ ಮ್ಯಾರಥಾನ್, ಪ್ರಶಸ್ತಿ, ಜಾಹೀರಾತಿನಂಥ ಒಂದು ಸಲದ ಕಾರ್ಯಕ್ರಮಗಳು ಈ ಖರ್ಚಿನಲ್ಲಿ ಸೇರುವುದಿಲ್ಲ. ಕಂಪೆನಿಯ ಉದ್ಯೋಗಿಗಳಿಗೆ ಮತ್ತು ಅವರ ಕುಟುಂಬದವರಿಗೆ ಮಾತ್ರ ಪ್ರಯೋಜನವಾಗುವ ಕೆಲಸ ಸೇರುವುದಿಲ್ಲವೆಂದು ನಿಯಮಗಳಲ್ಲೇ ಬರೆಯಲಾಯಿತು. ಗ್ರಾಮೀಣ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳಂಥವುಗಳಿಗೆ ತರಬೇತಿ ಕೊಡುವುದು ಕಾಯಿದೆಯ ಪಟ್ಟಿಯಲ್ಲಿ ಜಾಗ ಪಡೆಯಿತು. ಅಂದರೆ ಹಳ್ಳಿಯ ಹುಡುಗಿಯೊಬ್ಬಳಿಗೆ ಓಟ ಕಲಿಸಿದರೆ ಅದು ಸೇವೆ. ವ್ಯವಸ್ಥಾಪಕರೇ ಒಂದು ಬೆಳಿಗ್ಗೆ ಓಡಿದರೆ ಅಲ್ಲ.

ಇನ್ನು ಉದ್ಯೋಗಿಗಳ ಶ್ರಮದಾನ. ನೂರು ಜನ ನಾಲ್ಕು ಗಂಟೆ ಬಣ್ಣ ಬಳಿದರೆ, ಅವರ ಸಂಬಳದ ದರದಲ್ಲಿ ಆ ನಾನೂರು ಗಂಟೆಗೆ ಬೆಲೆ ಕಟ್ಟಿ ಖರ್ಚಿನಲ್ಲಿ ತೋರಿಸಬಹುದೇ? 2021ರ ಆಗಸ್ಟ್‌ನಲ್ಲಿ ಸಚಿವಾಲಯ ಹೊರಡಿಸಿದ ಪ್ರಶ್ನೋತ್ತರ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಉದ್ಯೋಗಿಗಳು ಇಂಥ ಕೆಲಸದಲ್ಲಿ ತೊಡಗುವುದಕ್ಕೆ ಪ್ರೋತ್ಸಾಹ ಬೇಕು, ಆದರೆ ಅವರ ಸೇವೆಗೆ ಹಣದ ಬೆಲೆ ಕಟ್ಟಿ ಶೇ. 2ರ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಇದು ಲೆಕ್ಕಪತ್ರದ ಸಣ್ಣ ವಿಷಯದಂತೆ ಕಾಣಬಹುದು. ಆದರೆ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರ ಇದೆ. ಉದ್ಯೋಗಿಯ ಶನಿವಾರದ ಬೆವರನ್ನು ಕಂಪೆನಿ ತನ್ನ ಕಾನೂನಿನ ಋಣ ತೀರಿಸಲು ಬಳಸುವಂತಿಲ್ಲ. ಆ ಬೆವರು ಉದ್ಯೋಗಿಯದು. ಅವನು ಕೊಟ್ಟರೆ ದಾನ, ಕೊಡದಿದ್ದರೆ ಯಾರ ಲೆಕ್ಕದಲ್ಲೂ ಕೊರತೆ ಬೀಳುವುದಿಲ್ಲ. ಇನ್ನರ್ಧ ಉತ್ತರವನ್ನು ಕಾನೂನು ಕೊಡಲಾರದು. ಅದು ಕಚೇರಿಯೊಳಗಿನ ನಡವಳಿಕೆಗೆ ಬಿಟ್ಟದ್ದು.

ಒಂದು ಸಣ್ಣ ಲೆಕ್ಕ

ಊಹೆಯ ಅಂಕಿಗಳಲ್ಲಿ ಒಂದು ಲೆಕ್ಕ ಹಾಕಿ ನೋಡಬಹುದು. ಮುನ್ನೂರು ಜನರ ಕ್ರೀಡಾಕೂಟ. ತಲೆಗೆ 250 ರೂಪಾಯಿಯ ಅಂಗಿ, ಒಟ್ಟು 75,000. ತಿಂಡಿ, ಊಟಕ್ಕೆ ತಲೆಗೆ 300ರಂತೆ 90,000. ಶಾಮಿಯಾನ, ಧ್ವನಿವರ್ಧಕ, ಪಾರಿತೋಷಕಕ್ಕೆ 60,000. ಒಟ್ಟು ಖರ್ಚು 2,25,000 ರೂಪಾಯಿ. ಪ್ರವೇಶ ಶುಲ್ಕ ತಲೆಗೆ 200 ಎಂದರೆ ಶಾಲೆಗೆ ಸಿಗುವುದು 60,000. ಶಾಲೆಯ ಮುಖ್ಯೋಪಾಧ್ಯಾಯರು ಈ ಲೆಕ್ಕ ನೋಡಿದರೆ, ಆ ಎರಡೂಕಾಲು ಲಕ್ಷವನ್ನೇ ನೇರವಾಗಿ ಕೊಡಬಹುದಿತ್ತಲ್ಲ ಎಂದುಕೊಂಡರೆ ತಪ್ಪೇನು?

ಅದೇ ಮುನ್ನೂರು ಜನರಲ್ಲಿ ಪ್ರತಿಯೊಬ್ಬರೂ ಹತ್ತು ಮಂದಿ ಪರಿಚಯದವರಿಂದ ನೂರು ನೂರು ರೂಪಾಯಿ ಕೇಳಿ ತಂದರೆ ಸಂಗ್ರಹ 3 ಲಕ್ಷ. ಅದಕ್ಕಿಂತ ಹೆಚ್ಚಾಗಿ, ಮೂರು ಸಾವಿರ ಜನಕ್ಕೆ ಆ ಶಾಲೆಯ ಹೆಸರು ತಿಳಿಯುತ್ತದೆ. ಸಹಾಯಾರ್ಥ ಓಟದಲ್ಲಿ ಭಾಗವಹಿಸುವವರ ನಿಜವಾದ ಕೆಲಸ ಕೇಳುವುದು. ಓಡುವುದು ಅದಕ್ಕೆ ನೆಪ. ನಾಡಿನ ಉಚಿತ ವಿದ್ಯಾರ್ಥಿನಿಲಯಗಳು ಬೆಳೆದದ್ದು ಮಠಾಧೀಶರು ಜೋಳಿಗೆ ಹಿಡಿದು ಊರೂರು ತಿರುಗಿದ್ದರಿಂದ, ಮನೆಮನೆಯ ಹಿಡಿ ಅಕ್ಕಿಯಿಂದ. ಕೇಳುವುದಕ್ಕೆ ಸಂಕೋಚಪಡುವವರೇ ಹೆಚ್ಚು. ಆ ಸಂಕೋಚವನ್ನು ಮೀರುವುದು ಐದು ಕಿಲೋಮೀಟರ್ ಓಡುವುದಕ್ಕಿಂತ ಕಷ್ಟ.

ಮಧ್ಯಾಹ್ನದ ಬಣ್ಣದ ಕೆಲಸಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಹೋದ ವರ್ಷ ಒಂದು ಕಂಪೆನಿ ಬಳಿದ ಗೋಡೆಗೆ ಈ ವರ್ಷ ಇನ್ನೊಂದು ಕಂಪೆನಿ ಬಳಿಯುವುದುಂಟು. ಶಾಲೆಗೆ ಬೇಕಾದದ್ದು ಶೌಚಾಲಯದ ನೀರಿನ ಪೈಪು ಇರಬಹುದು, ಗಣಿತ ಹೇಳಿಕೊಡುವ ಒಬ್ಬರು ಇರಬಹುದು. ಕಾರ್ಖಾನೆಯಲ್ಲಿ ಫಿಟ್ಟರ್ ಇದ್ದಾರೆ, ಎಲೆಕ್ಟ್ರಿಷಿಯನ್ ಇದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ. ಇವರು ತಮಗೆ ಗೊತ್ತಿರುವ ಕೆಲಸವನ್ನು ತಿಂಗಳಿಗೆ ಎರಡು ಗಂಟೆ ಮಾಡಿಕೊಟ್ಟರೆ, ವರ್ಷಕ್ಕೊಮ್ಮೆ ಕುಂಚ ಹಿಡಿದು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಹೆಚ್ಚು ಉಪಯೋಗ. ಮೊದಲು ಹೋಗಿ ಕೇಳುವುದು, ಆಮೇಲೆ ಕೆಲಸ ಆರಿಸುವುದು. ಮುಯ್ಯಿಯಲ್ಲಿ ಹೊಲದವನು ಹೇಳಿದ ಕೆಲಸವನ್ನೇ ಮುಯ್ಯಾಳು ಮಾಡುತ್ತಿದ್ದ, ತನಗೆ ತೋಚಿದ್ದನ್ನಲ್ಲ.

ಕುರ್ಚಿ ಜೋಡಿಸಿದವರು

ಇನ್ನೊಂದು ಗುಂಪಿನ ಹೆಸರು ಸೂಚನಾ ಫಲಕದ ಪಟ್ಟಿಯಲ್ಲಿ ಬರುವುದೇ ಇಲ್ಲ. ಗುತ್ತಿಗೆಯ ಸ್ವಚ್ಛತಾ ಕೆಲಸಗಾರರು, ಕಾವಲಿನವರು, ಕ್ಯಾಂಟೀನಿನವರು. ಕ್ರೀಡಾಕೂಟ ಏಳಕ್ಕೆ ಎಂದರೆ ಅವರು ಬರುವುದು ನಾಲ್ಕಕ್ಕೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆದವರು, ಇಡ್ಲಿ ಬೇಯಿಸಿದವರು, ಸಂಗೀತ ಕುರ್ಚಿಗೆ ಕುರ್ಚಿ ಜೋಡಿಸಿದವರು ಅವರೇ. ಎಲ್ಲ ಮುಗಿದ ಮೇಲೆ ನೀರಿನ ಬಾಟಲಿಗಳನ್ನು ಹೆಕ್ಕುವವರೂ ಅವರೇ. ಅಂಗಿ ಹಂಚುವಾಗ ಅವರ ಅಳತೆ ಯಾರೂ ಕೇಳಿರುವುದಿಲ್ಲ.

ಅವರ ಪಾಲಿಗೆ ಆ ಶನಿವಾರ ಶ್ರಮದಾನವಲ್ಲ, ಕೆಲಸದ ದಿನ. ಹೆಚ್ಚುವರಿ ದುಡಿದ ಗಂಟೆಗೆ ಇಮ್ಮಡಿ ಕೂಲಿ ಎಂಬ ತತ್ವವನ್ನು 1948ರ ಕಾರ್ಖಾನೆ ಕಾಯಿದೆಯೇ ಈ ದೇಶದಲ್ಲಿ ನೆಲೆಗೊಳಿಸಿತ್ತು. ಬಡ ಶಾಲೆಯ ಹೆಸರಿನಲ್ಲಿ ನಡೆಯುವ ಕೂಟದಲ್ಲಿ ಆ ಶಾಲೆಗೇ ಮಕ್ಕಳನ್ನು ಕಳುಹಿಸುವ ತಾಯಿಯೊಬ್ಬಳು ಹೆಚ್ಚುವರಿ ಕೂಲಿಯಿಲ್ಲದೆ ಕಸ ಗುಡಿಸಿದರೆ, ಆ ದಿನದ ದಾನದಲ್ಲಿ ದೊಡ್ಡ ಪಾಲು ಯಾರದು? ಅದನ್ನು ಆಕೆಯ ಒಪ್ಪಿಗೆ ಕೇಳಿ ಪಡೆದದ್ದೇ? ಬಿಟ್ಟಿ ಎಂಬ ಹಳೆಯ ಪದ ನೆನಪಾಗಬೇಕಾದ ಜಾಗ ಇದು.

ಇಷ್ಟೆಲ್ಲ ಹೇಳಿದ್ದು ಕ್ರೀಡಾಕೂಟ ಬೇಡವೆನ್ನಲು ಅಲ್ಲ. ಬೇರೆ ಬೇರೆ ವಿಭಾಗದವರು ಒಂದೇ ಹಗ್ಗ ಹಿಡಿದು ಎಳೆದಾಗ ಹುಟ್ಟುವ ಸಲಿಗೆ ಸಭೆಗಳಲ್ಲಿ ಹುಟ್ಟುವುದಿಲ್ಲ. ಹಳ್ಳಿಯ ಶಾಲೆಯೊಳಗೆ ಮೊದಲ ಸಲ ಕಾಲಿಟ್ಟ ಎಂಜಿನಿಯರ್ ಮುಂದಿನ ವಾರ ತಾನಾಗಿಯೇ ಪಾಠ ಹೇಳಲು ಹೋದ ಉದಾಹರಣೆಗಳೂ ಇವೆ. ಆದ್ದರಿಂದ ನಾಲ್ಕು ಸಣ್ಣ ಏರ್ಪಾಡುಗಳನ್ನು ಸಂಘಟಕರ ಮುಂದಿಡಬಹುದು.

ಒಂದು, ಹೆಸರು ಬರೆಸುವ ಕೆಲಸ ಉದ್ಯೋಗಿಗಳ ಸಂಘದ್ದಾಗಿರಲಿ, ಮೇಲಧಿಕಾರಿಗಳದ್ದಾಗುವುದು ಬೇಡ. ಬಾರದವರಿಂದ ಕಾರಣ ಕೇಳುವುದೂ ಬೇಡ. ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವವರು, ಮೊಣಕಾಲು ನೋವಿನವರು, ಸುಮ್ಮನೆ ಮನೆಯಲ್ಲಿರಬೇಕೆನ್ನುವವರು ಎಲ್ಲರೂ ಸಮಾನರು. ಎರಡು, ಶಾಲೆಗೆ ಏನು ಬೇಕೆಂದು ಮುಖ್ಯೋಪಾಧ್ಯಾಯರೇ ಬರೆದುಕೊಟ್ಟ ಪಟ್ಟಿ ಅದೇ ಫಲಕದ ಮೇಲಿರಲಿ. ಮೂರು, ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಶಾಲೆಗೆ ಮುಟ್ಟಿದ್ದೆಷ್ಟು ಎಂಬ ಲೆಕ್ಕ ಸೋಮವಾರ ಅಲ್ಲಿಯೇ ಅಂಟಲಿ. ನಾಲ್ಕು, ಕುರ್ಚಿ ಜೋಡಿಸಿದವರಿಗೆ ಆ ದಿನದ ಹೆಚ್ಚುವರಿ ಕೂಲಿ ಸಿಗಲಿ, ಹಗ್ಗಜಗ್ಗಾಟಕ್ಕೆ ಅವರದ್ದೂ ಒಂದು ತಂಡ ಇರಲಿ.

ಇಷ್ಟಾದರೆ ಕ್ಯಾಂಟೀನಿನ ಬಾಗಿಲಲ್ಲಿ ಆ ಕಾಗದದ ಮುಂದೆ ನಿಂತವರಿಗೆ ಒಂದೇ ಮಾತು ಯೋಚಿಸಲು ಉಳಿಯುತ್ತದೆ: ಈ ಕೆಲಸಕ್ಕೆ ತನ್ನ ಶನಿವಾರವನ್ನು ಕೊಡಬೇಕೆನಿಸುತ್ತದೆಯೇ? ಅನಿಸಿದರೆ ಪೆನ್ನು ಅಲ್ಲೇ ದಾರಕ್ಕೆ ಕಟ್ಟಿರುತ್ತದೆ, ಹೆಸರು ಬರೆಯಬಹುದು. ಅನಿಸದಿದ್ದರೆ ಊಟಕ್ಕೆ ಹೋಗಬಹುದು.